ಮಸ್ಕತ್ತಿನ ಮಕ್ಕಳಿಗೆ ಕೈತಪ್ಪದ ಸೀಟು ಯಾವುದು?

"ಮಗನಿಗೆ ಎಂತ ನೋಡ್ತಾ ಇದ್ದೀರಿ ಶೆಟ್ರೇ?"

"ಜೆಇಇ ಬರೀತಾನೆ. ಆಗದಿದ್ರೆ ಉಂಟಲ್ಲ ಮಾರಾಯ್ರೆ, ನಮ್ಮ ಸಿಇಟಿ."

ಅಲ್ ಅಜೈಬಾದ ಕಡಲ ದಂಡೆಯಲ್ಲಿ ಶುಕ್ರವಾರ ಸಂಜೆ ನಡೆಯಲು ಬರುವ ಕರಾವಳಿಯ ಅಪ್ಪಂದಿರ ನಡುವೆ ಇಂಥ ಮಾತು ಸಾಮಾನ್ಯ. ಮಸ್ಕತ್ತಿನ ಈ ಬಡಾವಣೆ ವಿಮಾನ ನಿಲ್ದಾಣಕ್ಕೂ ಅಲ್ ಗುಬ್ರಾಕ್ಕೂ ನಡುವಿನದು. ಗುಬ್ರಾದ ಇಂಡಿಯನ್ ಸ್ಕೂಲ್ ಇಲ್ಲಿಗೆ ಹತ್ತಿರ. ಸಿಬಿಎಸ್‌ಇ ಹನ್ನೆರಡನೇ ತರಗತಿಯ ಮಗು ಇರುವ ಮನೆಯಲ್ಲಿ ನವೆಂಬರಿನಿಂದಲೇ ಕಾಲೇಜುಗಳ ಪಟ್ಟಿ ತಯಾರಾಗುತ್ತದೆ. ಮೇಲೆ ಆಸೆಯ ಹೆಸರುಗಳು, ನಡುವೆ ಸಿಕ್ಕರೂ ಸಿಗಬಹುದಾದವು, ಕೊನೆಗೆ ಸೇಫ್ಟಿ ಕಾಲೇಜು. ಅಂದರೆ ಏನೇ ಆದರೂ ಕೈತಪ್ಪದ ಒಂದು ಸೀಟು. ಆ ಕೊನೆಯ ಸಾಲಿನಲ್ಲಿ "ಊರಿನ ಸಿಇಟಿ" ಎಂದು ಬರೆದುಕೊಂಡವರೇ ಹೆಚ್ಚು ಮೋಸ ಹೋಗುವುದು.

ಏಕೆಂದರೆ ಸಿಇಟಿಯ ಸರ್ಕಾರಿ ಸೀಟು ಅಪ್ಪನ ಊರನ್ನು ನೋಡುವುದಿಲ್ಲ, ಮಗು ಎಲ್ಲಿ ಓದಿತು ಎಂದು ನೋಡುತ್ತದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ನಿಯಮದ ಮೂಲ ಷರತ್ತು, ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿರಬೇಕು ಎಂಬುದು. ಒಂದನೇ ತರಗತಿಯಿಂದ ಮಸ್ಕತ್ತಿನಲ್ಲೇ ಓದಿದ ಮಗುವಿಗೆ ಅಲ್ಲಿಗೇ ಬಾಗಿಲು ಮುಚ್ಚಿತು. ಸೈನಿಕರ, ಕೇಂದ್ರ ಸರ್ಕಾರಿ ನೌಕರರ ಮಕ್ಕಳಿಗೆ ಬೇರೆ ವಿನಾಯಿತಿಗಳಿವೆ, ಖಾಸಗಿ ಕಂಪನಿಯ ನೌಕರರಿಗೆ ಅವು ಅನ್ವಯವಾಗುವುದಿಲ್ಲ. ಹೊರನಾಡ ಕನ್ನಡಿಗರ ಮಕ್ಕಳಿಗೆ ಕನ್ನಡ ಪರೀಕ್ಷೆ ಬರೆಸಿ ಸೀಟು ಕೊಡುವ ವ್ಯವಸ್ಥೆಯೂ ಇದೆ. ಕನ್ನಡ, ತುಳು, ಕೊಡವ ಮಾತೃಭಾಷೆಯವರಿಗೆ ಅದು ಲಭ್ಯ. ಆದರೆ ಅಲ್ಲಿ ಹೊರನಾಡು ಎಂದರೆ ರಾಜ್ಯದ ಹೊರಗೆ, ದೇಶದ ಒಳಗೆ. ಮುಂಬೈಯ ಮಾಟುಂಗದಲ್ಲಿ ಬೆಳೆದ ಹುಡುಗ ಹೊರನಾಡ ಕನ್ನಡಿಗ, ಮಸ್ಕತ್ತಿನಲ್ಲಿ ಬೆಳೆದ ಅವನ ಚಿಕ್ಕಪ್ಪನ ಮಗ ಅಲ್ಲ. ಈ ಗೆರೆಗೆ ನನಗಂತೂ ನ್ಯಾಯ ಕಾಣುವುದಿಲ್ಲ. ಗೆರೆ ಇರುವುದಂತೂ ನಿಜ, ಅದನ್ನು ತಿಳಿದೇ ಪಟ್ಟಿ ಮಾಡಬೇಕು.

ಇನ್ನೊಂದು ಷರತ್ತಿದೆ, ಅದನ್ನು ಗಮನಿಸುವವರು ಕಡಿಮೆ. ತಂದೆ ಅಥವಾ ತಾಯಿ ಕರ್ನಾಟಕದಲ್ಲಿ 7 ವರ್ಷ ಓದಿದ್ದು, ಮಗು ಪಿಯುಸಿಯ ಎರಡೂ ವರ್ಷ ಕರ್ನಾಟಕದಲ್ಲೇ ಓದಿ ಪಾಸಾದರೆ ಅರ್ಹತೆ ಸಿಗುತ್ತದೆ. ಹತ್ತನೇ ತರಗತಿ ಮುಗಿದದ್ದೇ ತಾಯಿ ಮಕ್ಕಳು ಮಂಗಳೂರಿಗೋ ಉಡುಪಿಗೋ ಹೋಗಿ ಬಾಡಿಗೆ ಮನೆ ಹಿಡಿಯುವುದು, ಅಪ್ಪ ಅಜೈಬಾದಲ್ಲಿ ಒಬ್ಬನೇ ಕುಚ್ಚಲಕ್ಕಿ ಬೇಯಿಸಿಕೊಂಡು ಇರುವುದು ಸುಮ್ಮನೆ ಅಲ್ಲ. ಕೋಚಿಂಗ್ ಒಂದು ಕಾರಣ, ಈ ಷರತ್ತು ಇನ್ನೊಂದು.

ಆದರೆ ಹಾಗೆ ಹೋದ ಮಗುವಿಗೆ ಗಲ್ಫಿನಲ್ಲಿ ತೆರೆದಿದ್ದ ಒಂದು ಬಾಗಿಲು ಮುಚ್ಚುತ್ತದೆ. ಎನ್‌ಐಟಿ, ಐಐಐಟಿಗಳಲ್ಲಿ ವಿದೇಶದಲ್ಲಿ ಓದಿದವರಿಗಾಗಿ ಇರುವ ದಾಸಾ ಯೋಜನೆ ಅದು. ನಿಗದಿತ ಸೀಟುಗಳ ಮೇಲೆ ಶೇ. 15ರಷ್ಟು ಹೆಚ್ಚುವರಿ ಸೀಟುಗಳು. ಅದರಲ್ಲಿ ಮೂರನೇ ಒಂದು ಪಾಲು ಗಲ್ಫಿನಲ್ಲಿ ದುಡಿಯುವ ಭಾರತೀಯರ ಮಕ್ಕಳಿಗೆ ಮೀಸಲು. ಇದನ್ನು ಸಿಐಡಬ್ಲ್ಯುಜಿ ಎನ್ನುತ್ತಾರೆ. ಇದಕ್ಕೆ ಸೇರುವ ಎಂಟು ದೇಶಗಳ ಪಟ್ಟಿಯಲ್ಲಿ ಒಮಾನ್ ಇದೆ. ಹನ್ನೊಂದು, ಹನ್ನೆರಡು ಎರಡನ್ನೂ ಹೊರದೇಶದಲ್ಲೇ ಓದಿರಬೇಕು. ಹಿಂದೆ ಸ್ಯಾಟ್ ಅಂಕ ನೋಡುತ್ತಿದ್ದರು, ಈಗ ಜೆಇಇ ಮೇನ್ ರ‍್ಯಾಂಕ್.

ದುಡ್ಡಿನ ವ್ಯತ್ಯಾಸ ನೋಡಿ. ದಾಸಾದ ಸಾಮಾನ್ಯ ಸೀಟಿಗೆ ಎನ್‌ಐಟಿಯಲ್ಲಿ ಬೋಧನಾ ಶುಲ್ಕವೇ ಸೆಮಿಸ್ಟರಿಗೆ 4,000 ಡಾಲರ್. ವರ್ಷಕ್ಕೆ 8,000. ರಿಯಾಲಿಗೆ 2.60 ಡಾಲರ್ ಲೆಕ್ಕದಲ್ಲಿ 3,000 ರಿಯಾಲ್ ದಾಟಿತು, ನಾಲ್ಕು ವರ್ಷಕ್ಕೆ 12,000ಕ್ಕೂ ಮೇಲೆ. ಸಿಐಡಬ್ಲ್ಯುಜಿ ಸೀಟಾದರೆ ಊರಿನ ಮಕ್ಕಳು ಕಟ್ಟುವಷ್ಟೇ, ವರ್ಷಕ್ಕೆ ಸುಮಾರು 1.25 ಲಕ್ಷ ರೂಪಾಯಿ. ಒಂದೇ ಸುರತ್ಕಲ್ ಎನ್‌ಐಟಿ, ಒಂದೇ ಬೆಂಚು, ಎರಡು ಶುಲ್ಕ. ಹಾಗಾಗಿ ಈ ಸೀಟಿಗೆ ಗಲ್ಫಿನ ಎಂಟೂ ದೇಶಗಳ ಮಕ್ಕಳ ಪೈಪೋಟಿ ಇದ್ದೇ ಇರುತ್ತದೆ. ಸುರತ್ಕಲ್ಲಿನ ಕಂಪ್ಯೂಟರ್ ಸೈನ್ಸ್ ಯಾರ ಪಾಲಿಗೂ ಸೇಫ್ಟಿ ಅಲ್ಲ. ದೂರದ, ಹೊಸ ಎನ್‌ಐಟಿಯ ಸಿವಿಲ್ಲೋ ಮೆಟಲರ್ಜಿಯೋ ಆಗಬಹುದು, ಮಗು ಒಪ್ಪಿದರೆ.

ಮಗು ಒಪ್ಪಿದರೆ ಎಂಬುದೇ ದೊಡ್ಡ ಮಾತು. ಪಟ್ಟಿಯ ಕೊನೆಯಲ್ಲಿ ಮಗು ಕಾಲಿಡಲೂ ಬಯಸದ ಕಾಲೇಜನ್ನು ಬರೆದಿಟ್ಟು ಅಪ್ಪ ಅಮ್ಮ ನಿದ್ದೆ ಮಾಡುತ್ತಾರೆ. ಜುಲೈಯಲ್ಲಿ ಉಳಿದದ್ದು ಅದೊಂದೇ ಆದಾಗ ಮನೆಯಲ್ಲಿ ಮೌನ, ಆಮೇಲೆ "ಒಂದು ವರ್ಷ ರಿಪೀಟ್ ಮಾಡ್ತೇನೆ ಪಪ್ಪಾ". ಅಂದರೆ ಆ ಸಾಲು ಮೊದಲಿಂದಲೂ ಖಾಲಿಯೇ ಇತ್ತು. ಬ್ರಿಟನ್ನಿನ ಪದ್ಧತಿ ಈ ವಿಷಯದಲ್ಲಿ ಬುದ್ಧಿವಂತಿಕೆಯದು. ಅಲ್ಲಿ ಯುಕಾಸ್ ಮೂಲಕ ಐದು ಕೋರ್ಸುಗಳಿಗೆ ಅರ್ಜಿ ಹಾಕಬಹುದು. ಆಫರ್ ಬಂದ ಮೇಲೆ ಒಂದನ್ನು ಖಚಿತ ಆಯ್ಕೆಯಾಗಿ, ಇನ್ನೊಂದನ್ನು ವಿಮೆಯಾಗಿ ಇಟ್ಟುಕೊಳ್ಳಬೇಕು. ವಿಮೆಯ ಕಾಲೇಜು ಕೇಳುವ ಅಂಕ ಮೊದಲಿನದಕ್ಕಿಂತ ಕಡಿಮೆ ಇದ್ದರಷ್ಟೇ ಅದು ವಿಮೆ. ಎರಡೂ ಒಂದೇ ಅಂಕ ಕೇಳಿದರೆ ಎರಡೂ ಒಂದೇ ದಿನ ಕೈಬಿಡುತ್ತವೆ. ಅಮೆರಿಕದ ಕಾಮನ್ ಆ್ಯಪ್‌ನಲ್ಲಿ 20 ಕಾಲೇಜುಗಳವರೆಗೆ ಹಾಕಬಹುದು. ಅಲ್ಲಿ ಪ್ರವೇಶ ಸಿಕ್ಕಿ, ನೆರವಿನ ಹಣ ಸಿಗದ ಕಾಲೇಜನ್ನು ಸೇಫ್ಟಿ ಎನ್ನಲಾಗದು.

ಗಲ್ಫಿನ ಮನೆಗಳು ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು, ಬಾಯಿಬಿಟ್ಟು ಕೇಳುವವರು ಕಡಿಮೆ: ನಡುವೆ ಅಪ್ಪನ ಕೆಲಸ ಹೋದರೆ? 2020ರಲ್ಲಿ ಕೊರೊನಾ ಬಂದಾಗ ಎಷ್ಟೋ ಕಂಪನಿಗಳು ಜನರನ್ನು ಮನೆಗೆ ಕಳಿಸಿದವು. ಸ್ಥಳೀಯರಿಗೆ ಹುದ್ದೆ ಕಾಯ್ದಿಡುವ ಒಮಾನೀಕರಣವೂ ನಡೆದೇ ಇದೆ, ಅದು ಆ ದೇಶದ ಹಕ್ಕು. ಆದ್ದರಿಂದ ನನ್ನ ಲೆಕ್ಕದಲ್ಲಿ ಸೇಫ್ಟಿ ಕಾಲೇಜು ಎಂದರೆ, ಸಂಬಳ ನಿಂತ ಮೇಲೂ ಕೊನೆಯ ಸೆಮಿಸ್ಟರಿನವರೆಗೆ ಶುಲ್ಕ ಕಟ್ಟಲಾಗುವ ಕಾಲೇಜು. ಖಾಸಗಿ ಕಾಲೇಜಿನ ಎನ್‌ಆರ್‌ಐ ಕೋಟಾ ಸೀಟು ಈ ಪರೀಕ್ಷೆಯಲ್ಲಿ ಸೋಲುತ್ತದೆ. ಅಂಕ ಕಡಿಮೆ ಇದ್ದರೂ ದುಡ್ಡಿದ್ದರೆ ಸಿಗುತ್ತದೆ ಎಂದು ಅದನ್ನು ಸುಲಭದ ಸೀಟು ಎಂದುಕೊಳ್ಳುತ್ತಾರೆ. ಕುಟುಂಬದ ಪಾಲಿಗೆ ಅತಿ ಹೆಚ್ಚು ಅಪಾಯದ ಸೀಟು ಅದೇ.

ಹಾಗಾದರೆ ನಿಜವಾಗಿ ಏನಿದೆ? ಎಂಜಿನಿಯರಿಂಗ್ ಬೇಕಾದವರಿಗೆ ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ ಕಾಮೆಡ್-ಕೆ. ಅಲ್ಲಿ 7 ವರ್ಷದ ಷರತ್ತಿಲ್ಲ, ಭಾರತದ ಯಾವ ಮೂಲೆಯವರೂ ಬರೆಯಬಹುದು. ಮೇ ತಿಂಗಳಲ್ಲಿ ಊರಿಗೆ ಹಾರಲು ಟಿಕೆಟ್ ಮೊದಲೇ ಮಾಡಿಡಬೇಕು ಅಷ್ಟೆ. ಮಣಿಪಾಲದ ಎಂಇಟಿ, ಬೆಂಗಳೂರಿನ ಪೆಸ್ಸಾಟ್ ಪರೀಕ್ಷೆಗಳೂ ಇವೆ, ಶುಲ್ಕ ನೋಡಿಕೊಂಡು ಬರೆಯಬೇಕು. ವಿಜ್ಞಾನ, ವಾಣಿಜ್ಯದ ಮಕ್ಕಳಿಗೆ 1880ರಲ್ಲಿ ಶುರುವಾಗಿ 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾದ ಮಂಗಳೂರಿನ ಸಂತ ಅಲೋಶಿಯಸ್ಸಿನಂಥವು ಇವೆ. ಮಸ್ಕತ್ತಿನಲ್ಲೇ ಇರಬೇಕೆಂದರೆ ಮಿಡಲ್ ಈಸ್ಟ್ ಕಾಲೇಜು, ಹಲ್ಬಾನಿನ ಜರ್ಮನ್ ತಾಂತ್ರಿಕ ವಿಶ್ವವಿದ್ಯಾಲಯ ಇವೆ. ಹಾಸ್ಟೆಲ್ ಖರ್ಚು ಉಳಿಯುತ್ತದೆ, ವೀಸಾ ಮಾತ್ರ ಅಪ್ಪನ ಕೆಲಸಕ್ಕೇ ಅಂಟಿಕೊಂಡಿರುತ್ತದೆ. ವೈದ್ಯಕೀಯಕ್ಕೆ ಸೇಫ್ಟಿ ಎಂಬುದೇ ಇಲ್ಲ. ನೀಟ್ ಬರೆಯುವ ಜಾಗವನ್ನೂ ನೆಚ್ಚುವಂತಿಲ್ಲ: 2024ರಲ್ಲಿ ವಿದೇಶಿ ಕೇಂದ್ರಗಳನ್ನೆಲ್ಲ ಮೊದಲು ಕೈಬಿಟ್ಟು, ಪೋಷಕರು ಗದ್ದಲ ಮಾಡಿದ ಮೇಲೆ ಫೆಬ್ರುವರಿಯಲ್ಲಿ ಮತ್ತೆ ಸೇರಿಸಿದರು. ನೀಟ್ ಮಕ್ಕಳ ಪಟ್ಟಿಯಲ್ಲಿ ಬಿಎಸ್ಸಿ ನರ್ಸಿಂಗೋ ಫಿಸಿಯೋಥೆರಪಿಯೋ ಮನಸ್ಸಿಗೆ ಒಪ್ಪುವ ಇನ್ನೊಂದು ದಾರಿ ಇರಲೇಬೇಕು.

ಇದೆಲ್ಲ ಹನ್ನೆರಡನೇ ತರಗತಿಯಲ್ಲಿ ತೀರ್ಮಾನವಾಗುವ ಸಂಗತಿಯಲ್ಲ. ಮಗು ಹತ್ತರಲ್ಲಿದ್ದಾಗಲೇ ಊರಿಗೆ ಹೋಗುವುದೋ ಇಲ್ಲೇ ಉಳಿಯುವುದೋ ಎಂದು ಆರಿಸಿದ ಗಳಿಗೆಯಲ್ಲಿ ಅರ್ಧ ಪಟ್ಟಿ ಬರೆದಾಗಿರುತ್ತದೆ. ಈ ವರ್ಷ ಒಂಬತ್ತು, ಹತ್ತರ ಮಕ್ಕಳಿರುವವರು ಆಯಾ ವರ್ಷದ ಸಿಇಟಿ ಮಾಹಿತಿ ಪುಸ್ತಿಕೆಯನ್ನೂ ದಾಸಾ ಪುಸ್ತಿಕೆಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿ. ಮಗುವನ್ನು ಪಿಯುಸಿಗೆ ಊರಿಗೆ ಕಳಿಸುವ ಯೋಚನೆ ಇದ್ದರೆ, ಬೇಸಿಗೆ ರಜೆಯಲ್ಲಿ ಹೋದಾಗ ನೀವು ಓದಿದ ಶಾಲೆಗೆ ಹೋಗಿ ನಿಮ್ಮ 7 ವರ್ಷದ ವ್ಯಾಸಂಗ ಪ್ರಮಾಣಪತ್ರ ತೆಗೆಸಿ, ಬಿಇಒ ಮೇಲುಸಹಿ ಹಾಕಿಸಿಟ್ಟುಕೊಳ್ಳಿ. ಮಸ್ಕತ್ತಿನಲ್ಲಿ ಶಾಲೆಗೆ ರಜೆ ಇರುವ ಜೂನ್, ಜುಲೈ ತಿಂಗಳಲ್ಲಿ ಊರಿನ ಶಾಲೆ ಮತ್ತು ಕಚೇರಿಗಳು ತೆರೆದೇ ಇರುತ್ತವೆ.