ತಾರೆಯರ ರಾಜಕೀಯ: ಮೆಚ್ಚುವ ಮೊದಲು, ಬಯ್ಯುವ ಮೊದಲು

ಕಳೆದ ತಿಂಗಳು ಊಟದ ಬಿಡುವಿನಲ್ಲಿ ನಮ್ಮ ತರಗತಿಯ ಇಬ್ಬರು ಗೆಳೆಯರು ಜಗಳವಾಡಿಕೊಂಡರು. ಒಬ್ಬನಿಗೆ ತುಂಬಾ ಇಷ್ಟವಾದ ನಟರೊಬ್ಬರು ಚುನಾವಣೆಯಲ್ಲಿ ಒಂದು ಪಕ್ಷದ ಪರ ಪ್ರಚಾರ ಮಾಡಿದ್ದರು. "ಇಷ್ಟೆಲ್ಲ ಗೊತ್ತಿದ್ದೂ ಅವರ ಸಿನಿಮಾ ನೋಡ್ತೀಯಾ?" ಎಂದು ಇವನು ಕೇಳಿದ. "ಸಿನಿಮಾಕ್ಕೂ ರಾಜಕೀಯಕ್ಕೂ ಏನೋ ಸಂಬಂಧ?" ಎಂದು ಅವನು ತಿರುಗಿ ಕೇಳಿದ. ಬೆಲ್ ಹೊಡೆಯಿತು, ಜಗಳ ಮುಗಿಯಲಿಲ್ಲ.

ನಾನು ಆ ದಿನ ಯಾರ ಪರವೂ ಮಾತಾಡಲಿಲ್ಲ. ಯಾಕೆಂದರೆ ಅದಕ್ಕೂ ಸ್ವಲ್ಪ ದಿನ ಮೊದಲು ನಾನೇ ಮನೆಯಲ್ಲಿ ಒಬ್ಬ ಕ್ರಿಕೆಟಿಗನನ್ನು "ಹೇಡಿ" ಎಂದು ಕರೆದು ಅಬ್ಬಾ ಅವರಿಂದ ಪಾಠ ಹೇಳಿಸಿಕೊಂಡಿದ್ದೆ. ಆ ವಿಷಯವನ್ನು ಕೊನೆಯಲ್ಲಿ ಹೇಳುತ್ತೇನೆ. ನಮ್ಮಲ್ಲಿ ಹೆಚ್ಚಿನವರಿಗೆ ಇನ್ನೊಂದು ವರ್ಷದಲ್ಲಿ ಮತದಾನದ ಹಕ್ಕು ಬರುತ್ತದೆ. ಆದ್ದರಿಂದ ತಾರೆಯರ ರಾಜಕೀಯವನ್ನು ಹೇಗೆ ನೋಡಬೇಕು ಎಂಬುದನ್ನು ಈಗಲೇ ಯೋಚಿಸುವುದು ಒಳ್ಳೆಯದು.

ಎಲ್ಲವೂ ಒಂದೇ ಅಲ್ಲ

'ಅವರು ರಾಜಕೀಯ ಮಾಡುತ್ತಾರೆ' ಎಂಬ ಒಂದೇ ಮಾತಿನಲ್ಲಿ ನಾವು ಹಲವು ಬೇರೆ ಬೇರೆ ವಿಷಯಗಳನ್ನು ಸೇರಿಸಿಬಿಡುತ್ತೇವೆ.

ಮೊದಲನೆಯದು, ತಾವೇ ಚುನಾವಣೆಗೆ ನಿಲ್ಲುವುದು. ಮೊಹಮ್ಮದ್ ಅಜರುದ್ದೀನ್ 2009ರಲ್ಲಿ ಕಾಂಗ್ರೆಸ್‌ನಿಂದ ಮೊರಾದಾಬಾದ್‌ನಲ್ಲಿ ಗೆದ್ದರು. ಗೌತಮ್ ಗಂಭೀರ್ 2019ರಲ್ಲಿ ಬಿಜೆಪಿಯಿಂದ ಪೂರ್ವ ದೆಹಲಿಯಲ್ಲಿ ಗೆದ್ದರು. ಯೂಸುಫ್ ಪಠಾಣ್ 2024ರಲ್ಲಿ ತೃಣಮೂಲ ಕಾಂಗ್ರೆಸ್‌ನಿಂದ ಬಂಗಾಳದ ಬಹರಾಂಪುರದಲ್ಲಿ ನಿಂತು, ಐದು ಬಾರಿ ಸಂಸದರಾಗಿದ್ದ ಅಧೀರ್ ರಂಜನ್ ಚೌಧರಿಯವರನ್ನು ಸೋಲಿಸಿದರು. ಅದೇ ವರ್ಷ ಕುಸ್ತಿಪಟು ವಿನೇಶ್ ಫೋಗಟ್ ಹರಿಯಾಣದ ಜುಲಾನಾದಲ್ಲಿ ಕಾಂಗ್ರೆಸ್ ಶಾಸಕಿಯಾದರು. ಗೆದ್ದ ಮೇಲೆ ಇಂಥವರು ಬರೀ ಆಟಗಾರರಲ್ಲ, ಜನಪ್ರತಿನಿಧಿಗಳು. ಇವರನ್ನು ರನ್ನು, ಪದಕಗಳಿಂದ ಅಳೆಯಬಾರದು. ಕ್ಷೇತ್ರಕ್ಕೆ ಏನು ಮಾಡಿದರು, ಸದನಕ್ಕೆ ಎಷ್ಟು ದಿನ ಹೋದರು ಎಂದು ಕೇಳಬೇಕು.

ಎರಡನೆಯದು, ಬೇರೆಯವರ ಪರ ಪ್ರಚಾರ. 2023ರ ವಿಧಾನಸಭಾ ಚುನಾವಣೆಯಲ್ಲಿ ಸುದೀಪ್ ಅವರು ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರ ಪರ ನಿಂತರು. ಕಷ್ಟಕಾಲದಲ್ಲಿ ಜೊತೆಗಿದ್ದವರು ಎಂಬುದು ಅವರು ಕೊಟ್ಟ ಕಾರಣ. ಅದೇ ಚುನಾವಣೆಯಲ್ಲಿ ಶಿವರಾಜ್‌ಕುಮಾರ್ ಕಾಂಗ್ರೆಸ್ ಪರ ಪ್ರಚಾರ ಮಾಡಿದರು.

ಮೂರನೆಯದು, ಪಕ್ಷದ ಹೆಸರೆತ್ತದೆ ಒಂದು ವಿಷಯದ ಪರ ನಿಲ್ಲುವುದು. ನಮ್ಮ ರಾಜ್ಯದ ದೊಡ್ಡ ಉದಾಹರಣೆ ಡಾ. ರಾಜ್‌ಕುಮಾರ್. ಶಿಕ್ಷಣದಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂಬ ಗೋಕಾಕ್ ಚಳವಳಿಗೆ 1982ರಲ್ಲಿ ಅವರು ಧುಮುಕಿದ ಮೇಲೆ ಅದು ಊರೂರಿಗೂ ಹಬ್ಬಿತು. ಆದರೆ ಅವರು ಜೀವನದಲ್ಲಿ ಒಮ್ಮೆಯೂ ಚುನಾವಣೆಗೆ ನಿಲ್ಲಲಿಲ್ಲ.

ನಾಲ್ಕನೆಯದು ಮೌನ. ಇದನ್ನೂ ಜನ ಒಂದು ರಾಜಕೀಯ ಎಂದೇ ಓದುತ್ತಾರೆ.

ಹೆಸರಿದ್ದರೆ ಮತ ಬರುತ್ತದೆಯೇ?

ಅಕೌಂಟೆನ್ಸಿಯಲ್ಲಿ ನಾವು ಗುಡ್‌ವಿಲ್ ಬಗ್ಗೆ ಓದುತ್ತೇವೆ. ಅದು ಕಣ್ಣಿಗೆ ಕಾಣದ ಆಸ್ತಿ. ಹಳೆಯ ಅಂಗಡಿಯ ಹೆಸರಿಗೇ ಗಿರಾಕಿ ಬರುವ ಹಾಗೆ, ತಾರೆಯ ಹೆಸರಿಗೆ ಜನ ಸೇರುತ್ತಾರೆ. ಪಕ್ಷಗಳಿಗೆ ಬೇಕಾಗಿರುವುದು ಈ ಗುಡ್‌ವಿಲ್.

ಇಲ್ಲಿ ಒಂದು ಕಾನೂನಿನ ವಿಷಯವಿದೆ. ಪತ್ರಿಕೆಗಳಲ್ಲಿ 'ತಾರಾ ಪ್ರಚಾರಕರು' ಎಂದು ಓದಿದಾಗ ನಾನು ಸಿನಿಮಾ ತಾರೆಯರೆಂದೇ ತಿಳಿದಿದ್ದೆ. ಹಾಗಲ್ಲ. ಪಕ್ಷವು ಚುನಾವಣಾ ಆಯೋಗಕ್ಕೆ ಕೊಡುವ ಪಟ್ಟಿಯಲ್ಲಿ ಹೆಸರಿರುವವರು ತಾರಾ ಪ್ರಚಾರಕರು. ಅವರಲ್ಲಿ ಹೆಚ್ಚಿನವರು ಪಕ್ಷದ ನಾಯಕರೇ. ಮಾನ್ಯತೆ ಪಡೆದ ಪಕ್ಷ 40 ಜನರವರೆಗೆ ಹೆಸರಿಸಬಹುದು. ಜನಪ್ರತಿನಿಧಿ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಅವರ ಪ್ರಯಾಣದ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಸೇರುವುದಿಲ್ಲ. ನಮ್ಮಂಥ ದೊಡ್ಡ ರಾಜ್ಯದಲ್ಲಿ ಲೋಕಸಭಾ ಅಭ್ಯರ್ಥಿ ಮಾಡಬಹುದಾದ ಖರ್ಚು 95 ಲಕ್ಷ ರೂಪಾಯಿ, ವಿಧಾನಸಭೆಗೆ 40 ಲಕ್ಷ. ಈ ಮಿತಿ ಇರುವುದರಿಂದ ಆ ಪಟ್ಟಿಗೆ ಅಷ್ಟು ಮಹತ್ವ.

ಆದರೆ ಗುಡ್‌ವಿಲ್ ಯಾವಾಗಲೂ ಮತವಾಗುವುದಿಲ್ಲ. 2019ರಲ್ಲಿ ಮಂಡ್ಯದಲ್ಲಿ ಸುಮಲತಾ ಪಕ್ಷೇತರರಾಗಿ ನಿಂತಾಗ ಯಶ್ ಮತ್ತು ದರ್ಶನ್ ಊರೂರು ಸುತ್ತಿದರು. ಅವರು ಒಂದೂಕಾಲು ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಸೋತ ನಿಖಿಲ್ ಕುಮಾರಸ್ವಾಮಿಯವರೂ ನಟರೇ! ಅದೇ ಚುನಾವಣೆಯಲ್ಲಿ ಬೆಂಗಳೂರು ಕೇಂದ್ರದಲ್ಲಿ ಪಕ್ಷೇತರರಾಗಿ ನಿಂತ ಪ್ರಕಾಶ್ ರಾಜ್ ಠೇವಣಿ ಕಳೆದುಕೊಂಡರು. 2024ರಲ್ಲಿ ಶಿವಮೊಗ್ಗದಲ್ಲಿ ಗೀತಾ ಶಿವರಾಜ್‌ಕುಮಾರ್ ಪರ ಸ್ವತಃ ಶಿವಣ್ಣ ಪ್ರಚಾರ ಮಾಡಿದರೂ ಗೆಲುವು ಸಿಗಲಿಲ್ಲ. ಜನ ತಾರೆಯನ್ನು ನೋಡಲು ಬರುತ್ತಾರೆ, ಕೈ ಬೀಸುತ್ತಾರೆ, ಸೆಲ್ಫಿ ತೆಗೆದುಕೊಳ್ಳುತ್ತಾರೆ, ಆಮೇಲೆ ಬೂತಿಗೆ ಹೋಗಿ ತಮ್ಮ ಲೆಕ್ಕದ ಪ್ರಕಾರ ಗುಂಡಿ ಒತ್ತುತ್ತಾರೆ. ಮತದಾರರು ಪೆದ್ದರಲ್ಲ.

ಮಾತಿಗೆ ತೆತ್ತ ಬೆಲೆ

ಅರ್ಥಶಾಸ್ತ್ರದಲ್ಲಿ ಅವಕಾಶ ವೆಚ್ಚ ಎಂಬ ಮಾತಿದೆ. ಒಂದನ್ನು ಆರಿಸಿಕೊಂಡಾಗ ಕೈಬಿಡಬೇಕಾದ ಇನ್ನೊಂದರ ಬೆಲೆ ಅದು. ತಾರೆಯರ ಮಾತನ್ನು ಅಳೆಯಲು ನನಗೆ ಇದು ಸಹಾಯ ಮಾಡಿತು.

ಮುಹಮ್ಮದ್ ಅಲಿ 1967ರ ಏಪ್ರಿಲ್ 28ರಂದು ಅಮೆರಿಕದ ಸೈನ್ಯಕ್ಕೆ ಸೇರಲು ನಿರಾಕರಿಸಿದರು. ಆಗ ವಿಯೆಟ್ನಾಂ ಯುದ್ಧ ನಡೆಯುತ್ತಿತ್ತು. ತಮ್ಮ ಧರ್ಮ ಮತ್ತು ಆತ್ಮಸಾಕ್ಷಿ ಒಪ್ಪುವುದಿಲ್ಲ ಎಂಬುದು ಅವರ ಕಾರಣ. ವಿಶ್ವ ಹೆವಿವೇಟ್ ಪಟ್ಟ ಹೋಯಿತು, ಬಾಕ್ಸಿಂಗ್ ಲೈಸೆನ್ಸ್ ಹೋಯಿತು. ಐದು ವರ್ಷ ಜೈಲು, 10,000 ಡಾಲರ್ ದಂಡದ ಶಿಕ್ಷೆಯಾಯಿತು. ಮೇಲ್ಮನವಿ ಬಾಕಿ ಇದ್ದುದರಿಂದ ಜೈಲಿಗೆ ಹೋಗಲಿಲ್ಲ, ಆದರೆ ಸುಮಾರು ಮೂರೂವರೆ ವರ್ಷ ರಿಂಗ್‌ಗೆ ಇಳಿಯಲಾಗಲಿಲ್ಲ. ಆಗ ಅವರ ವಯಸ್ಸು 25; ಬಾಕ್ಸರ್‌ಗೆ ಅದು ಚಿನ್ನದಂಥ ಕಾಲ. 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ರದ್ದು ಮಾಡಿತು. ಕಳೆದ ವರ್ಷಗಳನ್ನು ಯಾವ ಕೋರ್ಟೂ ವಾಪಸ್ ಕೊಡಲಾರದು.

ಬಾಸ್ಕೆಟ್‌ಬಾಲ್‌ನ ಮೈಕಲ್ ಜೋರ್ಡನ್ ಅವರದು ಬೇರೆ ದಾರಿ. 1990ರಲ್ಲಿ ಅವರ ಸ್ವಂತ ರಾಜ್ಯ ಉತ್ತರ ಕೆರೊಲಿನಾದಲ್ಲಿ ಹಾರ್ವಿ ಗ್ಯಾಂಟ್ ಎಂಬ ಕಪ್ಪು ಜನಾಂಗದ ಅಭ್ಯರ್ಥಿ ಸೆನೆಟ್‌ಗೆ ನಿಂತಿದ್ದರು. ಜೋರ್ಡನ್ ಬಹಿರಂಗವಾಗಿ ಬೆಂಬಲಿಸಲಿಲ್ಲ. ಎದುರು ಪಕ್ಷದವರೂ ಶೂ ಕೊಳ್ಳುತ್ತಾರಲ್ಲ ಎಂಬ ಅರ್ಥದ ಅವರ ಮಾತು ಪ್ರಸಿದ್ಧವಾಯಿತು. ಅದು ತಮಾಷೆಗೆ ಹೇಳಿದ್ದು, ಗ್ಯಾಂಟ್ ಅವರಿಗೆ ಹಣ ಕಳಿಸಿದ್ದೆ ಎಂದು 2020ರ ಸಾಕ್ಷ್ಯಚಿತ್ರದಲ್ಲಿ ಅವರು ಹೇಳಿದರು.

ಕಂಪನಿಗಳೂ ಇದೇ ಲೆಕ್ಕ ಹಾಕುತ್ತವೆ. 2015ರ ನವೆಂಬರ್‌ನಲ್ಲಿ ಆಮಿರ್ ಖಾನ್ ದೇಶದಲ್ಲಿ ಹೆಚ್ಚುತ್ತಿರುವ ಅಸಹನೆಯ ಬಗ್ಗೆ ಮಾತಾಡಿದಾಗ, ಜನ ಅವರು ಜಾಹೀರಾತು ಕೊಡುತ್ತಿದ್ದ ಸ್ನ್ಯಾಪ್‌ಡೀಲ್ ಆ್ಯಪ್‌ಗೆ ಒಂದೇ ಸ್ಟಾರ್ ಕೊಟ್ಟು ಸಿಟ್ಟು ತೀರಿಸಿಕೊಂಡರು. ಅದು ನಟನ ಸ್ವಂತ ಅಭಿಪ್ರಾಯ, ತನಗೆ ಸಂಬಂಧವಿಲ್ಲ ಎಂದು ಕಂಪನಿ ಹೇಳಿತು. 2016ರಲ್ಲಿ ಒಪ್ಪಂದ ಮುಗಿದಾಗ ಅದು ನವೀಕರಣವಾಗಲಿಲ್ಲ. ಅಮೆರಿಕದ ಫುಟ್‌ಬಾಲ್ ಆಟಗಾರ ಕಾಲಿನ್ ಕ್ಯಾಪರ್ನಿಕ್ 2016ರಲ್ಲಿ ರಾಷ್ಟ್ರಗೀತೆಯ ವೇಳೆ ಮಂಡಿಯೂರಿ, ಕಪ್ಪು ಜನರ ಮೇಲಿನ ಪೊಲೀಸ್ ದೌರ್ಜನ್ಯವನ್ನು ಪ್ರತಿಭಟಿಸಿದರು. 2017ರಿಂದ ಯಾವ ತಂಡವೂ ಅವರನ್ನು ತೆಗೆದುಕೊಳ್ಳಲಿಲ್ಲ. ಆದರೆ 2018ರ ಸೆಪ್ಟೆಂಬರ್‌ನಲ್ಲಿ ನೈಕಿ ಅವರನ್ನೇ ಜಾಹೀರಾತಿಗೆ ಆರಿಸಿತು. ಮೊದಲ ದಿನ ಷೇರು ಬೆಲೆ ಸುಮಾರು ಶೇ. 3ರಷ್ಟು ಇಳಿಯಿತು, ಅದೇ ತಿಂಗಳು ದಾಖಲೆ ಮಟ್ಟಕ್ಕೆ ಏರಿತು. ಆಟಗಾರ ಕೆಲಸ ಕಳೆದುಕೊಂಡ, ಕಂಪನಿ ವ್ಯಾಪಾರ ಮಾಡಿತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ತೆತ್ತ ಬೆಲೆ ನೋಡಿದರೆ ಮಾತಾಡಿದವರಿಗೆ ತಮ್ಮ ಮಾತಿನಲ್ಲಿ ನಂಬಿಕೆ ಇತ್ತು ಎಂದು ಗೊತ್ತಾಗುತ್ತದೆ. ಮಾತು ಸರಿಯೋ ತಪ್ಪೋ ಎಂದು ಗೊತ್ತಾಗುವುದಿಲ್ಲ. ತಪ್ಪು ವಿಚಾರಕ್ಕಾಗಿಯೂ ಜನ ನಷ್ಟ ಅನುಭವಿಸುತ್ತಾರೆ. ಹಾಗೆಯೇ ಟಿಕೆಟ್ ಸಿಕ್ಕಿತು ಎಂದ ಮಾತ್ರಕ್ಕೆ ಒಬ್ಬರ ಮಾತು ಸುಳ್ಳಾಗುವುದಿಲ್ಲ. ಸರಿ ತಪ್ಪನ್ನು ಕಾರಣ ನೋಡಿಯೇ ತೀರ್ಮಾನಿಸಬೇಕು, ಮುಖ ನೋಡಿ ಅಲ್ಲ.

ಒಂದೇ ನಿಯಮ, ಎರಡು ಚಪ್ಪಾಳೆ

ರಾಜಕೀಯ, ಧರ್ಮ ಅಥವಾ ಜನಾಂಗಕ್ಕೆ ಸಂಬಂಧಿಸಿದ ಸಂದೇಶವನ್ನು ಅನುಮತಿ ಇಲ್ಲದೆ ಬಟ್ಟೆ, ಬ್ಯಾಟು, ಶೂ ಮೇಲೆ ಹಾಕಿಕೊಳ್ಳಬಾರದು ಎಂಬುದು ಐಸಿಸಿ ನಿಯಮ. 2019ರ ವಿಶ್ವಕಪ್‌ನಲ್ಲಿ ಧೋನಿಯವರ ಗ್ಲೌಸ್ ಮೇಲೆ ಸೈನ್ಯದ 'ಬಲಿದಾನ' ಚಿಹ್ನೆ ಇತ್ತು. ಐಸಿಸಿ ತೆಗೆಯಲು ಹೇಳಿತು. ಬಿಸಿಸಿಐ ಅನುಮತಿ ಕೇಳಿದರೂ ಕೊಡಲಿಲ್ಲ.

2023ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ಉಸ್ಮಾನ್ ಖ್ವಾಜಾ ಅವರ ಸರದಿ. ಪಾಕಿಸ್ತಾನದ ವಿರುದ್ಧದ ಪರ್ತ್ ಟೆಸ್ಟ್‌ಗೆ ಮೊದಲು ಅವರ ಶೂಗಳ ಮೇಲೆ, ಎಲ್ಲ ಜೀವಗಳೂ ಸಮಾನ, ಸ್ವಾತಂತ್ರ್ಯ ಮಾನವ ಹಕ್ಕು ಎಂಬ ಅರ್ಥದ ಸಾಲುಗಳಿದ್ದವು. ಅವರ ಮನಸ್ಸಿನಲ್ಲಿದ್ದುದು ಗಾಜಾ. ಅವಕಾಶ ಸಿಗಲಿಲ್ಲ. ಅಕ್ಷರಗಳ ಮೇಲೆ ಟೇಪ್ ಅಂಟಿಸಿ, ತೋಳಿಗೆ ಕಪ್ಪು ಪಟ್ಟಿ ಕಟ್ಟಿ ಆಡಿದರು. ಅದಕ್ಕೂ ಐಸಿಸಿ ವಾಗ್ದಂಡನೆ ವಿಧಿಸಿತು. ಮೆಲ್ಬರ್ನ್ ಟೆಸ್ಟ್‌ಗೆ ಪಾರಿವಾಳದ ಚಿತ್ರ ಹಾಕಿಕೊಳ್ಳಲು ಕೇಳಿದರು, ಅದೂ ಸಿಗಲಿಲ್ಲ. ಕೊನೆಗೆ ಶೂ ಮೇಲೆ ತಮ್ಮ ಇಬ್ಬರು ಹೆಣ್ಣುಮಕ್ಕಳ ಹೆಸರು ಬರೆದುಕೊಂಡು ಮೈದಾನಕ್ಕೆ ಇಳಿದರು.

ನಿಯಮಕ್ಕೆ ಕಾರಣವಿದೆ. ಎಲ್ಲರೂ ತಮ್ಮ ತಮ್ಮ ಸಂದೇಶ ಬರೆದುಕೊಂಡರೆ ಮೈದಾನ ಚುನಾವಣೆಯ ಗೋಡೆಯಾಗುತ್ತದೆ. ಆದರೆ 2020ರಲ್ಲಿ ವರ್ಣಭೇದದ ವಿರುದ್ಧದ ಲಾಂಛನ ಧರಿಸಲು ಇದೇ ಐಸಿಸಿ ಇಂಗ್ಲೆಂಡ್ ಮತ್ತು ವೆಸ್ಟ್ ಇಂಡೀಸ್ ತಂಡಗಳಿಗೆ ಒಪ್ಪಿಗೆ ಕೊಟ್ಟಿತ್ತು. ಯಾವುದು ರಾಜಕೀಯ, ಯಾವುದು ಮಾನವೀಯತೆ ಎಂದು ಗೆರೆ ಎಳೆಯುವುದು ಸುಲಭವಲ್ಲ.

ನಾನು ನನ್ನನ್ನೇ ಕೇಳಿಕೊಂಡೆ: ಧೋನಿಗೆ ತಡೆದಾಗ ನಿಯಮ ಸರಿ, ಖ್ವಾಜಾಗೆ ತಡೆದಾಗ ತಪ್ಪು ಎಂದರೆ, ಅಥವಾ ಅದರ ಉಲ್ಟಾ ಹೇಳಿದರೆ, ನಾನು ನಿಯಮದ ಬಗ್ಗೆ ಮಾತಾಡುತ್ತಿದ್ದೇನೆಯೇ, ನನ್ನ ಇಷ್ಟದ ಬಗ್ಗೆಯೇ?

ಮೌನದ ಲೆಕ್ಕ

ಈಗ ಅಬ್ಬಾ ಹೇಳಿದ ಮಾತಿಗೆ ಬರುತ್ತೇನೆ. ನಾನು ಹೇಡಿ ಎಂದಿದ್ದು ಒಬ್ಬ ಭಾರತೀಯ ಮುಸ್ಲಿಂ ಆಟಗಾರನನ್ನು. ಕಾರಣ, ಒಂದು ವಿಷಯದ ಬಗ್ಗೆ ಅವರು ಏನೂ ಹೇಳಿರಲಿಲ್ಲ. ಅಬ್ಬಾ ಊಟ ನಿಲ್ಲಿಸಿ ನನ್ನ ಮುಖ ನೋಡಿದರು.

ನಮ್ಮದು ಒಂದು ಸಣ್ಣ ಅಂಗಡಿ. ಚುನಾವಣೆ ಬಂದಾಗ ಎಲ್ಲ ಪಕ್ಷದವರೂ ಸ್ಟಿಕರ್ ಹಿಡಿದು ಬರುತ್ತಾರೆ. ಅಬ್ಬಾ ಎಲ್ಲರಿಗೂ ಚಹಾ ಕೊಡುತ್ತಾರೆ, ಯಾರ ಸ್ಟಿಕರನ್ನೂ ಅಂಟಿಸುವುದಿಲ್ಲ.

"ನಾನು ಸ್ಟಿಕರ್ ಅಂಟಿಸಲ್ಲ. ಹಾಗಾದರೆ ನಾನೂ ಹೇಡಿಯಾ, ಬೇಟಾ?" ಎಂದರು. ನಾನು ಸುಮ್ಮನಾದೆ. "ತಂಡದಲ್ಲಿ ಹನ್ನೊಂದು ಜನ ಇದ್ದಾರೆ. ಮಿಕ್ಕ ಹತ್ತು ಜನರನ್ನು ಯಾಕೆ ಮಾತಾಡಲಿಲ್ಲ ಅಂತ ನೀನು ಕೇಳಿದ್ದೀಯಾ? ಇವನನ್ನೊಬ್ಬನನ್ನೇ ಯಾಕೆ ಕೇಳ್ತೀಯಾ?"

ನನಗೆ 2021ರ ಅಕ್ಟೋಬರ್ ನೆನಪಾಯಿತು. ಟಿ20 ವಿಶ್ವಕಪ್‌ನಲ್ಲಿ ಭಾರತ ಪಾಕಿಸ್ತಾನದ ಎದುರು ಹತ್ತು ವಿಕೆಟ್‌ಗಳಿಂದ ಸೋತಿತ್ತು. ಇಡೀ ತಂಡ ಸೋತಿದ್ದರೂ ಮೊಹಮ್ಮದ್ ಶಮಿ ಒಬ್ಬರ ಧರ್ಮ ಹಿಡಿದು ಬಯ್ದರು. ಅವರು ಯಾವ ರಾಜಕೀಯವನ್ನೂ ಮಾತಾಡಿರಲಿಲ್ಲ. ಜನರೇ ರಾಜಕೀಯವನ್ನು ತಂದು ಅವರ ಮೇಲೆ ಹಾಕಿದರು. ಆಗ ನಾಯಕ ವಿರಾಟ್ ಕೊಹ್ಲಿ ಪತ್ರಿಕಾಗೋಷ್ಠಿಯಲ್ಲಿ ಶಮಿಯ ಪರ ಸ್ಪಷ್ಟವಾಗಿ ನಿಂತರು. ಎರಡು ವರ್ಷದ ನಂತರ, 2023ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಶಮಿ 57 ರನ್‌ಗೆ 7 ವಿಕೆಟ್ ತೆಗೆದಾಗ ದೇಶವೆಲ್ಲ ಹೊಗಳಿತು.

ಶಮಿಯನ್ನು ಬಯ್ದವರ ಮೇಲೆ ನನಗೆ ಎಷ್ಟು ಸಿಟ್ಟು ಬಂದಿತ್ತು! ಆದರೆ ನಾನು ಮಾಡಿದ್ದೇನು? ಅವರು ದೇಶಭಕ್ತಿಯ ಸರ್ಟಿಫಿಕೇಟ್ ಕೇಳಿದರು, ನಾನು ಕೌಮಿನ ಸರ್ಟಿಫಿಕೇಟ್ ಕೇಳಿದೆ. ಇಬ್ಬರೂ ಕೇಳಿದ್ದು ಹೆಸರು ನೋಡಿಯೇ.

ಮಾತಾಡುವುದು ಹಕ್ಕು. ಖ್ವಾಜಾ ಮಾತಾಡಿದ್ದನ್ನು ನಾನು ಈಗಲೂ ಮೆಚ್ಚುತ್ತೇನೆ. ಆದರೆ ಒಬ್ಬರು ಮಾತಾಡಿದ್ದಕ್ಕೆ ಬೆಲೆ ಬರುವುದು ಅದು ಅವರ ಇಚ್ಛೆಯಿಂದ ಬಂದಾಗ ಮಾತ್ರ. ಒತ್ತಾಯದಿಂದ ಹೊರಡಿಸಿದ ಹೇಳಿಕೆ ನಮ್ಮ ಸಮಾಧಾನಕ್ಕಷ್ಟೇ. ಮೌನಕ್ಕೆ ಹೆದರಿಕೆ ಕಾರಣವಿರಬಹುದು, ಒಪ್ಪಂದ ಕಾರಣವಿರಬಹುದು, ವಿಷಯ ಗೊತ್ತಿಲ್ಲ ಎಂಬ ಪ್ರಾಮಾಣಿಕತೆಯೂ ಇರಬಹುದು. ಹೊರಗೆ ಕೂತ ನಮಗೆ ಅದು ಕಾಣುವುದಿಲ್ಲ.

ಜಗಳವಾಡಿದ ನನ್ನ ಇಬ್ಬರು ಗೆಳೆಯರಿಗೆ ಈಗ ಹೇಳುವುದಿಷ್ಟು. ಸಿನಿಮಾ ನೋಡುವುದು, ಬಿಡುವುದು ನಿಮ್ಮ ಇಷ್ಟ. ಆದರೆ ತಾರೆಯೊಬ್ಬರು ರಾಜಕೀಯ ಮಾತಾಡಿದಾಗ ಮೂರು ಪ್ರಶ್ನೆ ಕೇಳೋಣ. ಅವರು ಕೊಟ್ಟ ಕಾರಣವೇನು? ಅದರಿಂದ ಅವರಿಗೆ ಬಂದದ್ದೇನು, ಹೋದದ್ದೇನು? ಇದೇ ಮಾತನ್ನು ನನಗೆ ಇಷ್ಟವಿಲ್ಲದವರು ಆಡಿದ್ದರೆ ನಾನು ಏನೆನ್ನುತ್ತಿದ್ದೆ?

ಮೂರನೆಯದೇ ಕಷ್ಟದ ಪ್ರಶ್ನೆ. ನಾನು ಆ ದಿನ ಅದರಲ್ಲೇ ಫೇಲಾದೆ. ಮೊದಲ ಬಾರಿ ಬೂತಿಗೆ ಹೋಗುವ ಹೊತ್ತಿಗಾದರೂ ಪಾಸಾಗಬೇಕು.