ಒಳಗೋ, ಹೊರಗೋ

ಜೂಜಿನ ಮಾತು ಬಂದೊಡನೆ ಸಾಹಿತ್ಯ ಓದಿದವರಿಗೆ ನೆನಪಾಗುವುದು ಹಸ್ತಿನಾವತಿಯ ಸಭೆ. ಪಂಪನೂ ಕುಮಾರವ್ಯಾಸನೂ ಹೇಳಿರುವ ಆ ನೆತ್ತದಾಟದಲ್ಲಿ ಸೋಲಿಗೆ ಹೊಣೆಮಾಡಲು ಒಬ್ಬ ಶಕುನಿಯಾದರೂ ಸಿಗುತ್ತಾನೆ. ನಾನೀಗ ವಿವರಿಸಲಿರುವ ಆಟಕ್ಕೆ ಅವನೂ ಬೇಡ. ನಮ್ಮ ಬಳ್ಳಾರಿ, ಕುರುಗೋಡು, ಸಿರುಗುಪ್ಪಗಳ ಕಡೆ ಅದಕ್ಕೆ ಅಂದರ್ ಬಾಹರ್ ಎನ್ನುತ್ತಾರೆ. ಒಳಗೆ, ಹೊರಗೆ ಎಂದಷ್ಟೇ ಅರ್ಥ.

ಐವತ್ತೆರಡು ಇಸ್ಪೀಟೆಲೆಗಳನ್ನು ಒಬ್ಬನು ಕಲಸುತ್ತಾನೆ. ಒಂದು ಎಲೆಯನ್ನು ತೆರೆದು ನಡುವೆ ಇಡುತ್ತಾನೆ. ಅದು ಏಳು ಎಂದಿಟ್ಟುಕೊಳ್ಳೋಣ. ಸುತ್ತ ಕುಳಿತವರು ಒಳಗೋ ಹೊರಗೋ ಒಂದು ಬದಿಗೆ ಹಣ ಕಟ್ಟುತ್ತಾರೆ. ಆಮೇಲೆ ಎರಡೂ ಬದಿಗೆ ಒಂದಾದ ಮೇಲೊಂದರಂತೆ ಎಲೆಗಳು ಬೀಳುತ್ತ ಹೋಗುತ್ತವೆ. ಇನ್ನೊಂದು ಏಳು ಯಾವ ಬದಿಗೆ ಮೊದಲು ಬಿತ್ತೋ ಆ ಬದಿ ಗೆದ್ದಿತು. ಇಸ್ಪೀಟೋ ಕಳಾವರೋ ಎಂಬುದು ಲೆಕ್ಕಕ್ಕಿಲ್ಲ. ಮೊದಲ ಎಲೆ ಯಾವ ಬದಿಗೆ ಎಂಬ ಕಟ್ಟಳೆ ಮಾತ್ರ ಊರೂರಿಗೆ ಬೇರೆ.

ಉಳಿದ ಐವತ್ತೊಂದು ಎಲೆಗಳಲ್ಲಿ ಏಳುಗಳು ಮೂರು. ಮೊದಲ ಎಲೆಗೇ ಆಟ ಮುಗಿಯಬಹುದು, ನಲವತ್ತೊಂಬತ್ತನೆಯದರವರೆಗೂ ಎಳೆಯಬಹುದು. ಸರಾಸರಿ ಹದಿಮೂರು ಎಲೆ. ಆ ಹದಿಮೂರು ಎಲೆಗಳ ಅವಧಿಯಲ್ಲಿ ಆಟಗಾರನು ಮಾಡಬಹುದಾದದ್ದು ಏನೂ ಇಲ್ಲ. ಉಸಿರು ಹಿಡಿದು ನೋಡಬೇಕು, ಅಷ್ಟೆ. ರುಚಿ ಹತ್ತುವುದೂ ಅಲ್ಲಿಯೇ. ಲೆಕ್ಕ ಹಾಕಿದರೆ, ಮೊದಲ ಎಲೆ ಬೀಳುವ ಬದಿಯು ಸಾವಿರ ಆಟಗಳಲ್ಲಿ ಸುಮಾರು 515ನ್ನು ಗೆಲ್ಲಬೇಕು. ಆದರೆ ಚಾಪೆ ಹಾಸಿ ಆಡಿಸುವವನು ಗೆದ್ದ ರೂಪಾಯಿಗೆ ಹತ್ತು ಪೈಸೆ ಮುರಿದುಕೊಂಡರೆ ಆ ಸಣ್ಣ ಮೇಲುಗೈ ಕರಗಿ, ಎರಡು ಬದಿಯವರಿಗೂ ನಷ್ಟವೇ ಉಳಿಯುತ್ತದೆ.

ಕಾನೂನಿಗೂ ಇದರಲ್ಲಿ ಗೊಂದಲವಿಲ್ಲ. ರಮ್ಮಿಯಲ್ಲಿ ಕೌಶಲವೇ ಪ್ರಧಾನವೆಂದು ಸರ್ವೋಚ್ಚ ನ್ಯಾಯಾಲಯ 1968ರಲ್ಲಿ ಹೇಳಿತು. ಅಂದರ್ ಬಾಹರಿಗೆ ಅಂಥ ಆಸರೆಯಿಲ್ಲ. ಬಯಲಲ್ಲಿ ಆಡಿ ಸಿಕ್ಕವರ ಮೇಲೆ 1963ರ ಕರ್ನಾಟಕ ಪೊಲೀಸ್ ಕಾಯಿದೆಯ 87ನೆಯ ಕಲಮು ಬೀಳುತ್ತದೆ. ಹಾಗಿದ್ದೂ ಯುಗಾದಿ, ದೀಪಾವಳಿಗಳಲ್ಲಿ ಎಲೆ ಹಿಡಿಯುವುದು ಅನೇಕ ಊರುಗಳಲ್ಲಿ ಹಬ್ಬದ ರೂಢಿಯೇ ಆಗಿದೆ.

ಕುರುಗೋಡಿನಲ್ಲಿದ್ದ ನನ್ನ ಸೋದರಮಾವ ಓದುಬರಹ ಬಲ್ಲವನು, ಹತ್ತಿಯ ವ್ಯಾಪಾರದಲ್ಲಿ ಚುರುಕು. ಒಂದು ದೀಪಾವಳಿಯ ರಾತ್ರಿ ದನದ ಕೊಟ್ಟಿಗೆಯಲ್ಲಿ ಕುಳಿತು, ಪ್ರತಿ ಆಟಕ್ಕೂ ಗೋಡೆಯ ಮೇಲೆ ಇದ್ದಿಲಿನಿಂದ ಗೀಟೆಳೆದ: ಒಳಗಿನದಕ್ಕೆ ನೆಟ್ಟಗೆ, ಹೊರಗಿನದಕ್ಕೆ ಅಡ್ಡ. "ನಾಲ್ಕು ಸಲ ಒಳಗೇ ಬಿತ್ತು, ಇನ್ನ ಹೊರಗೇ ಬೀಳಬೇಕು ನೋಡಪಾ" ಎಂದು ನನಗೆ ತಿಳಿಹೇಳಿದ. ನಾನಾಗ ಹುಡುಗ, ತರ್ಕ ಸರಿಯೆಂದೇ ತೋರಿತು. ಪ್ರತಿ ಸಲವೂ ಕಲಸಿದ ಎಲೆಗಳಿಗೆ ಹಿಂದಿನ ಆಟದ ನೆನಪಿರುವುದಿಲ್ಲವೆಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಐದನೆಯದೂ ಒಳಗೇ ಬಿತ್ತು, ಆರನೆಯದೂ.

ಬೆಳಗಿನ ಹೊತ್ತಿಗೆ ಹತ್ತಿಯ ಹಣ ಹೋಗಿತ್ತು. ವಾರದೊಳಗೆ ಎತ್ತುಗಳೂ ಹೋದವು. ಮರುವರ್ಷ ಹಬ್ಬಕ್ಕೆ ಸುಣ್ಣ ಬಳಿಸಿದಾಗ ಅತ್ತೆ ಆ ಗೋಡೆಯೊಂದನ್ನು ಹಾಗೆಯೇ ಬಿಡಿಸಿದಳು.