ಆಟಿಯಲ್ಲೊಂದು ನ್ಯಾಯದ ಸಂತೆ

ಉಡುಪಿ ಸೀರೆ ಕೊಳ್ಳುವಾಗ ನಾವು ಕೇಳುವುದು ಒಂದೇ ಪ್ರಶ್ನೆ: ಇದಕ್ಕೆ ಎಷ್ಟು? ಇದರಲ್ಲಿ ನೇಯ್ದವರ ಕೈಗೆ ಎಷ್ಟು ಹೋಗುತ್ತದೆ ಎಂದು ಕೇಳುವವರು ವಿರಳ. ಫೇರ್ ಟ್ರೇಡ್, ಅಂದರೆ ನ್ಯಾಯದ ವ್ಯಾಪಾರ, ಶುರುವಾಗುವುದೇ ಈ ಎರಡನೆಯ ಪ್ರಶ್ನೆಯಿಂದ. ಆ ಪ್ರಶ್ನೆಯನ್ನು ನಾಲ್ಕು ಜನರ ಎದುರು ಕೇಳುವಂಥ ಒಂದು ದಿನದ ಕಾರ್ಯಕ್ರಮವನ್ನು ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಯುವಕ ಮಂಡಲ, ಮಹಿಳಾ ಮಂಡಲ, ಕಾಲೇಜಿನ ಎನ್ನೆಸ್ಸೆಸ್ ಘಟಕ ಯಾವುದು ಬೇಕಾದರೂ ನಡೆಸಬಹುದು. ನಡೆಸುವ ಕ್ರಮ ಮಾತ್ರ ಸಾಮಾನ್ಯ ಮೇಳದ ಕ್ರಮವಲ್ಲ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಉಡುಪಿ ಮಲ್ಲಿಗೆ, ಮಟ್ಟು ಗುಳ್ಳ, ಉಡುಪಿ ಸೀರೆ ಮೂರಕ್ಕೂ ಜಿಐ, ಅಂದರೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಹಾಗಾಗಿ ಎಲ್ಲ ಸರಿಯಿದೆ ಎಂದು ಎಷ್ಟೋ ಮಂದಿ ತಿಳಿದಿದ್ದಾರೆ. ಜಿಐ ಕಾಯುವುದು ಹೆಸರನ್ನು ಮತ್ತು ಊರನ್ನು. ಕೂಲಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಇನ್ನು ಫೇರ್ ಟ್ರೇಡ್ ಮುದ್ರೆ ಹುಟ್ಟಿದ್ದು 1988ರಲ್ಲಿ, ಮೆಕ್ಸಿಕೋದ ಸಣ್ಣ ಬೆಳೆಗಾರರ ಕಾಫಿಯನ್ನು ನೆದರ್ಲೆಂಡ್ಸ್‌ನಲ್ಲಿ ಮಾರುವುದಕ್ಕಾಗಿ. ಆ ಮುದ್ರೆಗೆ ಶುಲ್ಕ ಕಟ್ಟಬೇಕು, ತಪಾಸಣೆಗೆ ಒಳಪಡಬೇಕು. ಶಂಕರಪುರದಲ್ಲಿ ಮನೆಯಂಗಳದ ಹತ್ತಾರು ಗಿಡಗಳ ಹೂವು ಕಟ್ಟುವ ಹೆಂಗಸಿನಿಂದ ಅದನ್ನು ನಿರೀಕ್ಷಿಸುವುದು ತಪ್ಪು. ಮುದ್ರೆ ಬೇಡ, ಅದರ ಹಿಂದಿನ ನಡೆ ಸಾಕು: ಖರ್ಚು ಹುಟ್ಟಿ ಬದುಕೂ ಸಾಗುವಂಥ ಬೆಲೆ, ಕೆಲಸಕ್ಕೆ ಮೊದಲು ಮುಂಗಡ, ಹೆಣ್ಣಿಗೂ ಗಂಡಿಗೂ ಸಮಾನ ಕೂಲಿ, ಮಕ್ಕಳ ದುಡಿಮೆ ಇಲ್ಲದಿರುವುದು, ವರ್ಷ ವರ್ಷವೂ ಮುಂದುವರಿಯುವ ಸಂಬಂಧ.

ಯಾವಾಗ ಮಾಡಬೇಕು? ವಿಶ್ವ ನ್ಯಾಯ ವ್ಯಾಪಾರ ದಿನ ಮೇ ತಿಂಗಳ ಎರಡನೇ ಶನಿವಾರ ಬರುತ್ತದೆ. ನಮ್ಮ ಕರಾವಳಿಗೆ ಅದು ಒಗ್ಗುವುದಿಲ್ಲ. ದೈವಗಳ ನೇಮಕ್ಕೆ ತೆರೆ ಬೀಳುವ ಪತ್ತನಾಜೆಗೆ ಮುಂಚಿನ ಆ ದಿನಗಳಲ್ಲಿ ಒಂದೆಡೆ ಮದುವೆ, ಇನ್ನೊಂದೆಡೆ ನೇಮ. ಹೂವಿನವರಿಗೂ ಬಿಡುವಿಲ್ಲ, ಕೊಳ್ಳುವವರಿಗೂ ಇಲ್ಲ. ನನ್ನ ಆಯ್ಕೆ ಆಗಸ್ಟ್ 7ರ ಆಸುಪಾಸಿನ ಭಾನುವಾರ. ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ, 1905ರ ಸ್ವದೇಶಿ ಚಳವಳಿಯ ನೆನಪಿನದು, ಮತ್ತು ಪ್ರತಿ ವರ್ಷವೂ ತುಳುವರ ಆಟಿ ತಿಂಗಳಲ್ಲೇ ಬೀಳುತ್ತದೆ. ‘ಆಟಿಡೊಂಜಿ ದಿನ’ (ಆಟಿಯಲ್ಲೊಂದು ದಿನ) ಈಗ ಊರೂರಲ್ಲಿ ನಡೆಯುವುದರಿಂದ ಜನರನ್ನು ಹೊಸದಾಗಿ ಕರೆದು ಸೇರಿಸುವ ಕಷ್ಟವಿಲ್ಲ. ಮಣಿಪಾಲದಲ್ಲಿ ಹೊಸ ವಿದ್ಯಾರ್ಥಿಗಳು ಬಂದಿಳಿಯುವ ಕಾಲವೂ ಅದೇ. ಆಟಿ ಎಂದರೆ ಹಿಂದೆ ತುಳುನಾಡಿನಲ್ಲಿ ಕೈ ಬರಿದಾಗುವ ತಿಂಗಳು; ದುಡಿಯುವವರ ಕೈಗೆ ಆಗ ನಾಲ್ಕು ಕಾಸು ಬಂದರೆ ಅದರ ಬೆಲೆಯೇ ಬೇರೆ. ವರಮಹಾಲಕ್ಷ್ಮಿ ವ್ರತ, ನಾಗರಪಂಚಮಿಯ ದಿನಗಳನ್ನು ಪಂಚಾಂಗ ನೋಡಿ ಬಿಡಿ. ಮಟ್ಟು ಗುಳ್ಳ ಆಗ ಸಿಗುವುದಿಲ್ಲ, ಅದು ಮಳೆ ಹಿಂದೆ ಸರಿದ ಮೇಲೆ ನೆಡುವ ಬೆಳೆ. ಆ ಹೆಸರಿನಲ್ಲಿ ಬೇರೆ ಬದನೆ ತಂದಿಡುವುದಕ್ಕಿಂತ ಮೇಜು ಖಾಲಿ ಇರುವುದೇ ಮೇಲು.

ತಯಾರಿಗೆ ಎರಡು ತಿಂಗಳಾದರೂ ಬೇಕು. ಅದರಲ್ಲಿ ಹೆಚ್ಚಿನ ಸಮಯ ಹೋಗಬೇಕಾದದ್ದು ಬ್ಯಾನರಿಗಲ್ಲ, ಮಗ್ಗದ ಮನೆಗೆ. ನೇಕಾರರ ಸಹಕಾರ ಸಂಘಕ್ಕೆ ಹೋಗಿ ಕೂತು ಲೆಕ್ಕ ಕೇಳಿ. ನೂಲಿಗೆ ಎಷ್ಟು, ಬಣ್ಣಕ್ಕೆ ಎಷ್ಟು, ಹಾಸು ಹೂಡುವವರಿಗೆ ಎಷ್ಟು, ಒಂದು ಸೀರೆಯ ನೇಯ್ಗೆ ಕೂಲಿ ಎಷ್ಟು, ಸಂಘದ ಖರ್ಚಿಗೆ ಎಷ್ಟು. ಆಮೇಲೆ ನೇಕಾರರನ್ನೇ ಕೇಳಬೇಕಾದದ್ದು: ಈ ಸೀರೆಗೆ ಎಷ್ಟು ಗಂಟೆ ಹಿಡಿಯಿತು? ಲಾಳಿಗೆ ನೂಲು ಸುತ್ತಿಕೊಡುವವರು ಹೆಚ್ಚಾಗಿ ಮನೆಯ ಹೆಂಗಸರು ಅಥವಾ ವಯಸ್ಸಾದವರು; ಅವರ ಗಂಟೆಯನ್ನು ಯಾರೂ ಹೇಳುವುದಿಲ್ಲ, ನೀವೇ ಕೇಳಿ ಸೇರಿಸಿಕೊಳ್ಳಬೇಕು. ಕೂಲಿಯನ್ನು ಒಟ್ಟು ಗಂಟೆಯಿಂದ ಭಾಗಿಸಿ, ಎಂಟರಿಂದ ಗುಣಿಸಿ. ಬಂದ ಅಂಕಿಯನ್ನು ರಾಜ್ಯ ಸರ್ಕಾರದ ಕನಿಷ್ಠ ಕೂಲಿಯ ಪಕ್ಕದಲ್ಲಿಟ್ಟು ನೋಡಿ. ಕಡಿಮೆ ಬಿದ್ದರೆ ಆ ಸೀರೆಯ ಬೆಲೆಯನ್ನು ಸಂಘದೊಂದಿಗೆ ಕೂತು ಮತ್ತೆ ಗೊತ್ತುಮಾಡಬೇಕು. ಈ ಲೆಕ್ಕವನ್ನು ಕೈಯಗಲದ ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಪ್ರತಿ ಸೀರೆಗೂ ಕಟ್ಟಿ. ಚೀಟಿ ಓದಿದವರು ಚೌಕಾಸಿಗೆ ಇಳಿಯುವುದು ಕಡಿಮೆ.

ಇದು ಆಗುವ ಮಾತೇ ಎನ್ನುವವರಿಗೆ ಹತ್ತಿರದಲ್ಲೇ ಉತ್ತರವಿದೆ. ಕಾರ್ಕಳದ ಕದಿಕೆ ಟ್ರಸ್ಟ್ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದ ಜೊತೆ ಸೇರಿ, ನಿಂತೇ ಹೋಗುವಂತಿದ್ದ ಉಡುಪಿ ಸೀರೆಯ ನೇಯ್ಗೆಗೆ ಮತ್ತೆ ಜೀವ ತುಂಬಿದೆ. ಹೊಸಬರು ಕಲಿತು ಮಗ್ಗಕ್ಕೆ ಕೂತಿದ್ದಾರೆ. ಘಟ್ಟದ ಮೇಲೆ ಹೆಗ್ಗೋಡಿನ ಚರಕ ಸಂಸ್ಥೆ ಹೆಂಗಸರೇ ನಡೆಸುವ ಸಹಕಾರ ಸಂಘವಾಗಿ ನೇಯ್ದು, ಬಣ್ಣ ಹಾಕಿ, ಹೊಲಿದು, ‘ದೇಸಿ’ ಅಂಗಡಿಗಳ ಮೂಲಕ ಮಾರಾಟ ಮಾಡಿ ತೋರಿಸಿದೆ. ಇಂಥವರಲ್ಲಿ ಒಬ್ಬರನ್ನು ಕರೆದು ಅರ್ಧ ಗಂಟೆ ಮಾತಾಡಿಸಿ. ಉದ್ಘಾಟನೆಗೆ ಗಣ್ಯರ ಸಾಲು ಬೇಡ.

ಮಲ್ಲಿಗೆಯ ಲೆಕ್ಕ ಬೇರೆ ಥರದ್ದು. ನಸುಕಿನಲ್ಲೇ ಮೊಗ್ಗು ಕೊಯ್ದು, ಬಾಳೆ ನಾರಿನಲ್ಲಿ ಕಟ್ಟಿ ಚೆಂಡು ಮಾಡುತ್ತಾರೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಆ ದಿನದ ದರ ಶಂಕರಪುರದ ಕಟ್ಟೆಯಲ್ಲಿ, ಅಂದರೆ ಹೂವಿನ ಮಾರುಕಟ್ಟೆಯಲ್ಲಿ, ನಿಗದಿಯಾಗುತ್ತದೆ. ಹಾಗಾಗಿ ಕೊಯ್ಯುವ ಕೈಗೆ ತನ್ನ ಹೂವಿನ ಬೆಲೆ ಮೊದಲೇ ಗೊತ್ತಿರುವುದಿಲ್ಲ, ಮತ್ತು ಹೂವು ನಾಳೆಗೆ ಕಾಯುವುದಿಲ್ಲ. ಸಭೆಗೆ, ಸ್ವಾಗತಕ್ಕೆ ಬೇಕಾದ ಹೂವನ್ನು ನೀವು ವಾರದ ಮೊದಲೇ ನೇರವಾಗಿ ಬೆಳೆಗಾರರಲ್ಲಿ ಗೊತ್ತುಮಾಡಿ, ಇಷ್ಟಕ್ಕಿಂತ ಕಡಿಮೆ ಕೊಡುವುದಿಲ್ಲ ಎಂದು ಒಂದು ಬೆಲೆಗೆ ಮಾತು ಕೊಡಿ. ಆ ದಿನ ಕಟ್ಟೆಯ ದರ ಇಳಿದರೂ ನೀವು ಹೇಳಿದಷ್ಟು ಕೊಡುತ್ತೀರಿ. ಏರಿದರೆ ಕಟ್ಟೆಯ ದರವನ್ನೇ ಕೊಡುತ್ತೀರಿ. ಜಗತ್ತಿನ ಕಾಫಿ, ಕೋಕೋ ಬೆಳೆಗೆ ಫೇರ್ ಟ್ರೇಡಿನ ಕನಿಷ್ಠ ಬೆಲೆ ಕೆಲಸ ಮಾಡುವುದು ಹೀಗೆಯೇ. ಭಾಷಣದಲ್ಲಿ ಹೇಳಿದರೆ ತಲೆಗೆ ಹೋಗದ ಈ ಸಂಗತಿ, ಅಟ್ಟೆ ಎದುರಿಟ್ಟು ಹೇಳಿದರೆ ಶಾಲೆಯ ಮಕ್ಕಳಿಗೂ ತಿಳಿಯುತ್ತದೆ.

ಹಣದ ವಿಷಯದಲ್ಲೇ ಹೆಚ್ಚಿನ ಮೇಳಗಳು ಎಡವುವುದು. ಮಳಿಗೆ ಬಾಡಿಗೆ ವಸೂಲಿ ಮಾಡಿ, ಮಾರಾಟವಾಗದ್ದನ್ನು ಹೊತ್ತುಕೊಂಡು ಹೋಗಿ ಎನ್ನುವುದಾದರೆ ಈ ಕಾರ್ಯಕ್ರಮವನ್ನೇ ಮಾಡಬೇಡಿ. ಬಾಡಿಗೆ ಬೇಡ, ಕಮಿಷನ್ ಬೇಡ. ಬಂದವರಿಗೆ ಬಸ್ಸಿನ ಖರ್ಚು, ಊಟ, ಆ ದಿನದ ಕೂಲಿ ಕೊಡಿ. ಮೇಜಿನ ಮೇಲಿನ ಕ್ಯೂಆರ್ ಕೋಡ್ ಸಂಘಟಕರದ್ದಾಗಿರದೆ ತಯಾರಿಸಿದವರದ್ದೇ ಆಗಿರಲಿ, ದುಡ್ಡು ಆ ಕ್ಷಣಕ್ಕೆ ಅವರ ಖಾತೆಗೆ ಬೀಳಲಿ. ಸೀರೆಗಳಿಗೆ ಅರ್ಧ ಹಣವನ್ನಾದರೂ ಜೂನ್‌ನಲ್ಲೇ ಮುಂಗಡ ಕೊಟ್ಟಿರಬೇಕು, ಏಕೆಂದರೆ ನೂಲು ಸಾಲಕ್ಕೆ ಬಂದರೆ ಬಡ್ಡಿ ತಿನ್ನುವುದು ಕೂಲಿಯನ್ನೇ. ಉಡುಪಿಗೆ ಈ ತಿಳಿವಳಿಕೆ ಹೊಸದಲ್ಲ. 1925ರಲ್ಲಿ ಉಪೇಂದ್ರ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಇಲ್ಲಿ ಸಿಂಡಿಕೇಟ್ ಬ್ಯಾಂಕ್ ಕಟ್ಟಿದ್ದೇ ಕೈಮಗ್ಗದ ಬಿಕ್ಕಟ್ಟಿನಲ್ಲಿ ಸಿಲುಕಿದ್ದ ನೇಕಾರರಿಗೆ ಹಣ ಒದಗಿಸಲು, 8,000 ರೂಪಾಯಿ ಬಂಡವಾಳದಲ್ಲಿ. 1928ರಲ್ಲಿ ಬಂದ ಪಿಗ್ಮಿ ಯೋಜನೆ ದಿನಕ್ಕೆ ಎರಡಾಣೆಯನ್ನೂ ಮನೆ ಬಾಗಿಲಿಗೆ ಹೋಗಿ ಕೂಡಿಸಿತು. ಸಭಾಂಗಣದ ಖರ್ಚಿಗೆ ನೀವೂ ಊರಿನ ಅಂಗಡಿ, ಸಹಕಾರಿ ಸೊಸೈಟಿಗಳಿಂದ ಸಣ್ಣ ಸಣ್ಣ ಮೊತ್ತ ಕೂಡಿಸಬಹುದು.

ಜಾಗ ಉಡುಪಿಯ ಸರ್ವಿಸ್ ಬಸ್ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದ ಸಭಾಂಗಣವಾದರೆ ಕಾಪು, ಕಾರ್ಕಳ, ಮಣಿಪಾಲ ಮೂರೂ ಕಡೆಯವರಿಗೆ ಸಲೀಸು. ಆಗಸ್ಟಿನ ಮಳೆಯಲ್ಲಿ ಬಯಲಿನ ಶಾಮಿಯಾನ ನಂಬಬೇಡಿ, ಒದ್ದೆಯಾದ ಸೀರೆಯ ನಷ್ಟ ನೇಕಾರರ ತಲೆಗೆ ಬರುತ್ತದೆ. ಬೆಳಿಗ್ಗೆ ಹತ್ತಕ್ಕೆ ತೆರೆದು ಸಂಜೆ ನಾಲ್ಕೂವರೆಗೆ ಮುಗಿಸಿದರೆ ಹೆಂಗಸರು ಕತ್ತಲಾಗುವ ಮೊದಲು ಮನೆ ಸೇರುತ್ತಾರೆ. ಮೈಕಿಗೆ ಪೊಲೀಸರ ಅನುಮತಿ, ಆಹಾರ ಮಾರುವವರಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಅರ್ಜಿ ತುಂಬುವ ಕೆಲಸವನ್ನು ಸ್ವಯಂಸೇವಕರು ವಹಿಸಿಕೊಳ್ಳಲಿ.

ಊಟಕ್ಕೆ ಪತ್ರೊಡೆ, ತಿಮರೆ ಚಟ್ನಿ, ತಜಂಕಿನ ಪಲ್ಯ, ಕಾರ್ಲ ಕಜೆಯ ಕುಚ್ಚಲಕ್ಕಿ ಅನ್ನ. ಕೆಸುವಿನ ಎಲೆ, ತಜಂಕು ಬೇಲಿಯಲ್ಲಿ ಬಿಟ್ಟಿ ಸಿಗುತ್ತದೆಂದು ತರುವವರನ್ನೂ ಬಿಟ್ಟಿ ಕಾಣುವುದು ನಮ್ಮ ಅಭ್ಯಾಸ. ಮಳೆಯಲ್ಲಿ ನೆನೆದು, ಹುಡುಕಿ, ತೊಳೆದು, ಹಸನು ಮಾಡಿ ತಂದ ಕೆಲಸಕ್ಕೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಡಿ, ಊಟದ ಕೂಪನ್ನಿನ ಹಿಂದೆ ಅದನ್ನೂ ಅಚ್ಚು ಹಾಕಿಸಿ.

ಕಾರ್ಯಕ್ರಮ ಮುಗಿದ ವಾರದೊಳಗೆ ಲೆಕ್ಕ ಹೊರಗೆ ಬರಬೇಕು: ಒಟ್ಟು ಮಾರಾಟ ಎಷ್ಟು, ತಯಾರಕರ ಕೈಗೆ ಎಷ್ಟು, ಸಭಾಂಗಣಕ್ಕೆ ಎಷ್ಟು. ಸಹಕಾರ ಸಂಘದ ಗೋಡೆಗೂ ಕಾಲೇಜಿನ ಸೂಚನಾ ಫಲಕಕ್ಕೂ ಒಂದೇ ಹಾಳೆ ಅಂಟಿಸಿ. ಉಳಿದ ಸೀರೆಗಳನ್ನು ಸಂಘಟಕರೇ ಕೊಂಡು ತಮ್ಮ ಬಳಗದಲ್ಲಿ ಮಾರಲಿ. ಆ ದಿನವೇ ದೀಪಾವಳಿಗೆಂದು ಬರೆಸಿಕೊಂಡ ಬೇಡಿಕೆಗಳ ಪಟ್ಟಿಯನ್ನು ಮುಂಗಡದ ಸಮೇತ ನೇಕಾರರಿಗೆ ಒಪ್ಪಿಸಿದರೆ, ಮುಂದಿನ ಹಾಸು ಹೂಡಲು ಅವರು ಯಾರ ಬಳಿಯೂ ಕೈಸಾಲ ಕೇಳಬೇಕಾಗಿಲ್ಲ.